ತೂಕ ಇಳಿಸುವ ಕೂಟಗಳು: ಒಂದು ವಿವೇಚನೆ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಊಟವನ್ನು ಬಲ್ಲವರಾಗುವುದು ಎಷ್ಟು ಕಷ್ಟದ ವಿದ್ಯೆಯೆಂಬುದು ಈಚಿನ ವರ್ಷಗಳಲ್ಲಿ ನಮಗೆ ಚೆನ್ನಾಗಿ ಮನವರಿಕೆಯಾಗುತ್ತಿದೆ. ನಮ್ಮ ಅಜ್ಜಂದಿರ ಕಾಲದಲ್ಲಿ ದೇಶದ ಚಿಂತೆಯೆಲ್ಲ ಹೊಟ್ಟೆಗೆ ಸಾಲದ ಅನ್ನದ್ದಾಗಿತ್ತು. ಆ ಚಿಂತೆ ಇನ್ನೂ ಪೂರ್ತಿಯಾಗಿ ತೀರಿಲ್ಲ. ಅಷ್ಟರಲ್ಲಿಯೇ ಅದರ ಪಕ್ಕದಲ್ಲಿ ಇನ್ನೊಂದು ಚಿಂತೆ ಬಂದು ಕುಳಿತಿದೆ. ೨೦೧೯–೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ೧೫ರಿಂದ ೪೯ ವರ್ಷದ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೧೯ ಮಂದಿ ತೀರ ಕೃಶರು; ನೂರಕ್ಕೆ ೨೪ ಮಂದಿ ಮಿತಿಮೀರಿದ ತೂಕದವರು. ಒಂದೇ ದೇಶದಲ್ಲಿ, ಎಷ್ಟೋ ವೇಳೆ ಒಂದೇ ಬೀದಿಯಲ್ಲಿ, ಈ ಎರಡು ಬಗೆಯವರನ್ನೂ ಕಾಣುವಂತಾಗಿದೆ.

ರೋಗವಿದ್ದಲ್ಲಿ ವೈದ್ಯನೂ ಇರುತ್ತಾನೆ, ವ್ಯಾಪಾರಿಯೂ ಇರುತ್ತಾನೆ. ತೂಕ ಇಳಿಸಬೇಕೆಂಬ ಒಂದೇ ಉದ್ದೇಶದಿಂದ ಹತ್ತಾರು ಜನ ಗೊತ್ತಾದ ದಿನ ಒಂದೆಡೆ ಸೇರಿ, ತೂಕ ನೋಡಿಕೊಂಡು, ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುವ ಕೂಟಗಳು ಈಗ ಜಿಲ್ಲಾ ಕೇಂದ್ರಗಳಿಗಷ್ಟೇ ಅಲ್ಲ, ತಾಲ್ಲೂಕು ಪಟ್ಟಣಗಳಿಗೂ ಬಂದಿವೆ. ಇವುಗಳಲ್ಲಿ ಯಾವುದನ್ನು ಸೇರಬೇಕು, ಯಾವುದರಿಂದ ದೂರವಿರಬೇಕು ಎಂಬುದನ್ನು ಸ್ವಲ್ಪ ವಿಚಾರಮಾಡಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು, ಕೂಟ ಸೇರುವ ಅಗತ್ಯ ಯಾರಿಗಿದೆ? ಕನ್ನಡಿ ಹೇಳುವ ಮಾತನ್ನಾಗಲಿ ನೆಂಟರು ಆಡುವ ಮಾತನ್ನಾಗಲಿ ನಂಬಬೇಕಾಗಿಲ್ಲ. ಬೆಲ್ಜಿಯಂ ದೇಶದ ಕೆಟ್ಲೆ ಎಂಬ ಗಣಿತಜ್ಞನು ೧೮೩೨ರಲ್ಲಿ ತೂಕಕ್ಕೂ ಎತ್ತರಕ್ಕೂ ಇರುವ ಸಂಬಂಧವನ್ನು ಗುರುತಿಸಿದನು. ಅದಕ್ಕೆ ಇಂದಿನ ಹೆಸರು ಬಿ.ಎಂ.ಐ. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಆ ಅಂಕ ದೊರೆಯುತ್ತದೆ. ೧.೬ ಮೀಟರ್ ಎತ್ತರ, ೬೪ ಕಿಲೋ ತೂಕವಿರುವವರ ಅಂಕ ೨೫. ಪಾಶ್ಚಾತ್ಯರ ಗಣನೆಯಲ್ಲಿ ಇದು ತೂಕ ಹೆಚ್ಚಾಗತೊಡಗಿದ ಮೆಟ್ಟಿಲು ಮಾತ್ರ. ಆದರೆ ನಮ್ಮವರಿಗೆ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದರಿಂದ, ೨೦೦೯ರಲ್ಲಿ ಪ್ರಕಟವಾದ ಭಾರತೀಯ ತಜ್ಞರ ಒಮ್ಮತದಂತೆ ೨೩ಕ್ಕೆ ಅಧಿಕ ತೂಕವೂ ೨೫ಕ್ಕೆ ಬೊಜ್ಜೂ ಆರಂಭವಾಗುತ್ತವೆ. ಸೊಂಟದ ಸುತ್ತಳತೆ ಸ್ತ್ರೀಯರಲ್ಲಿ ೮೦, ಪುರುಷರಲ್ಲಿ ೯೦ ಸೆಂಟಿಮೀಟರ್ ದಾಟಿದರೂ ಎಚ್ಚರಗೊಳ್ಳಬೇಕು. ಈ ಮಿತಿಯೊಳಗಿದ್ದೂ ಇನ್ನಷ್ಟು ಸಣ್ಣಗಾಗಬೇಕೆಂದು ಹಂಬಲಿಸುವ ವಿದ್ಯಾರ್ಥಿಗಳಿಗೆ ಯಾವ ಕೂಟವೂ ಬೇಕಿಲ್ಲ. ಅವರನ್ನು ಸೇರಿಸಿಕೊಳ್ಳಲು ಮುಂದಾಗುವ ಕೂಟ ಒಳ್ಳೆಯ ಕೂಟವೂ ಅಲ್ಲ.

ಇನ್ನು ಈ ಕೂಟಗಳ ಚರಿತ್ರೆಯ ಕಡೆಗೆ ತಿರುಗೋಣ. ೧೯೪೮ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಎಸ್ತರ್ ಮ್ಯಾಂಝ್ ಎಂಬ ಮಹಿಳೆ ಕೆಲವು ಗೆಳತಿಯರೊಡನೆ ‘ಟಾಪ್ಸ್’ ಎಂಬ ಸಂಘವನ್ನು ಆರಂಭಿಸಿದಳು. ಅದು ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. ೧೯೬೦ರಲ್ಲಿ ಲಾಸ್ ಏಂಜಲೀಸಿನಲ್ಲಿ ‘ಓವರ್‌ಈಟರ್ಸ್ ಅನಾನಿಮಸ್’ ಹುಟ್ಟಿತು. ಕುಡಿತ ಬಿಡುವವರ ಸಂಘದ ಮಾದರಿಯಲ್ಲಿ ನಡೆಯುವ ಇದರಲ್ಲಿ ಶುಲ್ಕವಿಲ್ಲ. ಕೊಡಬಲ್ಲವರು ಕೊಟ್ಟದ್ದೇ ಬಂಡವಾಳ. ಮೂರನೆಯದು ಎಲ್ಲಕ್ಕಿಂತ ಪ್ರಸಿದ್ಧವಾದ ‘ವೆಯ್ಟ್ ವಾಚರ್ಸ್’. ನ್ಯೂಯಾರ್ಕಿನ ಗೃಹಿಣಿ ಜೀನ್ ನಿಡೆಚ್ ೧೯೬೧ರಲ್ಲಿ ೨೧೪ ಪೌಂಡು, ಎಂದರೆ ಸುಮಾರು ೯೭ ಕಿಲೋ, ತೂಗುತ್ತಿದ್ದಳು. ನಗರದ ಆರೋಗ್ಯ ಇಲಾಖೆಯ ಚಿಕಿತ್ಸಾಲಯದಲ್ಲಿ ಆಕೆಗೆ ಪಥ್ಯದ ಪಟ್ಟಿ ಸಿಕ್ಕಿತು. ಪಟ್ಟಿ ಸರಿಯಾಗಿಯೇ ಇತ್ತು. ಆದರೆ ಕದ್ದುಮುಚ್ಚಿ ಬಿಸ್ಕತ್ತು ತಿನ್ನುವ ಚಪಲವನ್ನು ಅಲ್ಲಿ ಹೇಳಿಕೊಳ್ಳಲು ಆಕೆಗೆ ಬಾಯಿ ಬರಲಿಲ್ಲ. ಕಡೆಗೆ ತನ್ನಂತೆಯೇ ದಪ್ಪಗಿದ್ದ ಆರು ಮಂದಿ ಗೆಳತಿಯರನ್ನು ಮನೆಗೆ ಕರೆದು ಆ ಗುಟ್ಟನ್ನು ಹೇಳಿಕೊಂಡಳು. ಅವರಿಗೂ ಅಂತಹ ಗುಟ್ಟುಗಳಿದ್ದವು. ಪ್ರತಿವಾರ ಸೇರುತ್ತ ೧೯೬೨ರ ವೇಳೆಗೆ ಆಕೆ ೭೨ ಪೌಂಡು ಇಳಿದಳು. ೧೯೬೩ರಲ್ಲಿ ಅದು ಕಂಪನಿಯಾಯಿತು. ೧೯೭೮ರಲ್ಲಿ ಹೈನ್ಝ್ ಎಂಬ ಆಹಾರ ಕಂಪನಿ ಅದನ್ನು ಕೊಂಡುಕೊಂಡಿತು.

ಈ ಕಥೆಯಲ್ಲಿ ಎರಡು ಪಾಠಗಳಿವೆ. ಪಥ್ಯದ ಪಟ್ಟಿ ಎಲ್ಲಿಯಾದರೂ ದೊರೆಯುತ್ತದೆ. ಕೂಟ ಕೊಡುವುದು ಪಟ್ಟಿಯನ್ನಲ್ಲ, ನಾಚಿಕೆಯಿಲ್ಲದೆ ನಿಜ ಹೇಳಿಕೊಳ್ಳಬಹುದಾದ ಜಾಗವನ್ನು ಎಂಬುದು ಒಂದು. ನಡುಮನೆಯಲ್ಲಿ ಹುಟ್ಟಿದ ಸ್ನೇಹವೂ ಬೇಗನೆ ಸರಕಾಗಬಲ್ಲದೆಂಬುದು ಇನ್ನೊಂದು.

ಈ ಕೂಟಗಳಿಂದ ನಿಜವಾಗಿ ಪ್ರಯೋಜನವುಂಟೆ? ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ್ದಾರೆ. ೨೦೦೩ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ೪೨೩ ಜನರನ್ನು ಎರಡು ಪಂಗಡ ಮಾಡಿ, ಒಂದನ್ನು ಇಂತಹ ಕೂಟಕ್ಕೆ ಕಳಿಸಿದರು; ಇನ್ನೊಂದಕ್ಕೆ ಸಲಹೆ ಕೊಟ್ಟು ತಾವೇ ಪ್ರಯತ್ನಿಸಲು ಬಿಟ್ಟರು. ಎರಡು ವರ್ಷಗಳ ಬಳಿಕ ಕೂಟದವರು ಸರಾಸರಿ ೨.೯ ಕಿಲೋ ಇಳಿದಿದ್ದರು, ಉಳಿದವರು ೦.೨ ಕಿಲೋ ಮಾತ್ರ. ೨೦೧೭ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗದಲ್ಲಿ ೧೨೬೭ ಜನರಿದ್ದರು. ಪುಸ್ತಿಕೆಯೊಂದನ್ನು ಪಡೆದವರು ವರ್ಷದ ಕೊನೆಗೆ ೩.೨೬ ಕಿಲೋ, ೧೨ ವಾರ ಕೂಟಕ್ಕೆ ಹೋಗಲು ಅವಕಾಶ ಪಡೆದವರು ೪.೭೫ ಕಿಲೋ, ೫೨ ವಾರ ಅವಕಾಶ ಪಡೆದವರು ೬.೭೬ ಕಿಲೋ ಇಳಿದರು. ಕೂಟ ಅದೇ, ಪಥ್ಯ ಅದೇ. ವ್ಯತ್ಯಾಸ ಕಾಲದ್ದು ಮಾತ್ರ. ಇನ್ನೊಂದು ಸ್ವಾರಸ್ಯವಾದ ಪ್ರಯೋಗ ೧೯೯೯ರದು. ಒಬ್ಬೊಬ್ಬರಾಗಿ ಬಂದು ಸಾಮಾನ್ಯ ಶಿಕ್ಷಣ ಪಡೆದವರಲ್ಲಿ ನೂರಕ್ಕೆ ೨೪ ಮಂದಿ ಮಾತ್ರ ಇಳಿದ ತೂಕವನ್ನು ಮುಂದಿನ ಆರು ತಿಂಗಳು ಪೂರ್ತಿಯಾಗಿ ಕಾಪಾಡಿಕೊಂಡರು. ಮೂವರು ಸ್ನೇಹಿತರೊಡನೆ ಬಂದು, ಪರಸ್ಪರ ನೆರವಾಗುವ ಶಿಕ್ಷಣವನ್ನೂ ಪಡೆದವರಲ್ಲಿ ನೂರಕ್ಕೆ ೬೬ ಮಂದಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆಯೆಂದು ನಮ್ಮ ಹಿರಿಯರು ಹೇಳಿದುದು ಇಲ್ಲಿಯೂ ಸಲ್ಲುತ್ತದೆ.

ಈ ಅಂಕಿಗಳು ಎಷ್ಟು ಚಿಕ್ಕವೆಂಬುದನ್ನೂ ವಾಚಕರು ಗಮನಿಸಬೇಕು. ದೀರ್ಘಕಾಲ ನಡೆದ ಒಳ್ಳೆಯ ಕೂಟಗಳ ಸರಾಸರಿಯೇ ಇಷ್ಟಿರುವಾಗ, ‘೪೫ ದಿನಗಳಲ್ಲಿ ೧೦ ಕಿಲೋ’ ಎಂಬ ಗೋಡೆಯ ಬರಹವನ್ನು ಹೇಗೆ ನಂಬುವುದು? ಲೆಕ್ಕ ಮಾಡಿ ನೋಡೋಣ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು ೭೭೦೦ ಕಿಲೋಕ್ಯಾಲೊರಿ ಶಕ್ತಿ ಅಡಗಿದೆ. ಹತ್ತು ಕಿಲೋವನ್ನು ೪೫ ದಿನಗಳಲ್ಲಿ ಕರಗಿಸಲು ದಿನಕ್ಕೆ ಸುಮಾರು ೧೭೧೦ ಕಿಲೋಕ್ಯಾಲೊರಿ ಕೊರತೆಯಾಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ೨೦೨೦ರಲ್ಲಿ ಹೇಳಿದಂತೆ, ಹೆಚ್ಚು ಶ್ರಮವಿಲ್ಲದ ಕೆಲಸದ ಹೆಂಗಸಿಗೆ ದಿನವೊಂದಕ್ಕೆ ಬೇಕಾದುದೇ ೧೬೬೦. ಅಂದರೆ ಒಂದೂವರೆ ತಿಂಗಳು ನಿರಾಹಾರವಿದ್ದರೂ ಆ ವಚನ ನೆರವೇರುವುದು ಅನುಮಾನ! ತಕ್ಕಡಿಯ ಮುಳ್ಳು ಅಷ್ಟು ಬೇಗ ಕೆಳಗಿಳಿದರೆ ಹೋದದ್ದರಲ್ಲಿ ನೀರೂ ಮಾಂಸಖಂಡವೂ ಸೇರಿರುತ್ತವೆ. ವಾರಕ್ಕೆ ಅರ್ಧ ಕಿಲೋ, ಹೆಚ್ಚೆಂದರೆ ಒಂದು ಕಿಲೋ, ಇಳಿಯುವುದೇ ಕ್ಷೇಮ.

ಮೇಲಿನ ವಿಚಾರಗಳಿಂದ, ಕೂಟವನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳನ್ನು ಹೀಗೆ ಸಂಗ್ರಹಿಸಬಹುದು. ಒಂದು: ಇದು ಎಷ್ಟು ಕಾಲ ನಡೆಯುತ್ತದೆ? ಬರುವ ವರ್ಷ ಇದೇ ದಿನ ನಾನು ಇಲ್ಲಿಗೆ ಬರಬಲ್ಲೆನೆ? ಎರಡು: ಕೂಟದವರ ಸಂಪಾದನೆ ಯಾವುದರಿಂದ? ಶುಲ್ಕದಿಂದಲೋ, ನನಗೆ ಮಾರುವ ಪುಡಿಯಿಂದಲೋ? ಔಷಧದಿಂದ ಬೊಜ್ಜು ಗುಣವಾಗುತ್ತದೆಂದು ಜಾಹೀರಾತು ಮಾಡುವುದನ್ನು ೧೯೫೪ರ ಕಾಯಿದೆಯೊಂದು ನಿಷೇಧಿಸಿದೆ. ಪುಡಿಗೆ ಆಹಾರವೆಂದು ಹೆಸರಿಟ್ಟು ಬಾಯಿಮಾತಿನಲ್ಲಿ ಔಷಧದ ಗುಣಗಳನ್ನು ಹೊಗಳುವವರನ್ನು ಕಂಡರೆ ಜಾಗರೂಕರಾಗಿರಬೇಕು. ಮೂರು: ಹೇಳುವ ಊಟ ನಮ್ಮ ಅಡಿಗೆಮನೆಯದೆ? ಮುದ್ದೆ, ಅನ್ನ, ಸಾರು, ಕಾಳುಪಲ್ಯಗಳ ಪ್ರಮಾಣವನ್ನು ತಿದ್ದುವ ಪಥ್ಯ ಉಳಿಯುತ್ತದೆ. ಮನೆಮಂದಿಯೆಲ್ಲ ಒಂದು ಉಣ್ಣುವಾಗ ಒಬ್ಬರೇ ಇನ್ನೊಂದು ಉಣ್ಣಬೇಕಾದ ಪಥ್ಯ ಹಬ್ಬ ಬಂದೊಡನೆ ಮುರಿಯುತ್ತದೆ. ನಾಲ್ಕು: ತೂಕ ಏರಿದ ವಾರ ಅಲ್ಲಿ ಏನು ನಡೆಯುತ್ತದೆ? ಎಲ್ಲರೆದುರು ನಗುವರೆ, ದಂಡ ಹಾಕುವರೆ, ಅಥವಾ ಕಾರಣವನ್ನು ಕೇಳುವರೆ? ಅವಮಾನವಾದವರು ಮರುವಾರ ಬರುವುದಿಲ್ಲ. ಬಾರದವರಿಗೆ ಕೂಟದಿಂದ ಫಲವಿಲ್ಲ. ಐದು: ವೈದ್ಯರ ಮಾತಿಗೆ ಅಲ್ಲಿ ಬೆಲೆಯುಂಟೆ? ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಊಟ ಕಂಡರೆ ಭಯಪಡುವಷ್ಟು ಮನಸ್ಸು ನೊಂದವರು ವೈದ್ಯರನ್ನು ಕೇಳದೆ ಯಾವ ಪಥ್ಯವನ್ನೂ ಹಿಡಿಯಬಾರದು.

ಈ ಪ್ರಶ್ನೆಗಳನ್ನು ನಾನು ಕೇವಲ ಲೇಖನಕ್ಕಾಗಿ ಹುಡುಕಿದವಳಲ್ಲ. ಹೋದ ವರ್ಷ ನಮ್ಮ ತಾಯಿಯವರ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ ಕಾಯಿಲೆಯ ಅಂಚಿಗೆ ಬಂದು ನಿಂತಿತ್ತು. ಅದೇ ಕಾಯಿಲೆಯಿಂದ ನಮ್ಮ ಅಜ್ಜಿಯವರು ಕಣ್ಣು ಕಳೆದುಕೊಂಡುದನ್ನು ನೋಡಿದ ಮನೆ ನಮ್ಮದು. ತಾಯಿಯವರ ತೂಕ ೭೨ ಕಿಲೋ. ಐದು ಕಿಲೋ ಇಳಿಸಿದರೆ ಸಾಕೆಂದು ವೈದ್ಯರು ಹೇಳಿದರು. ಈ ಮಾತಿಗೆ ಆಧಾರವುಂಟು. ೨೦೦೨ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ನೂರಕ್ಕೆ ೭ರಷ್ಟು ತೂಕ ಇಳಿಸುವ ಮತ್ತು ವಾರಕ್ಕೆ ೧೫೦ ನಿಮಿಷ ನಡೆಯುವಂತಹ ವ್ಯಾಯಾಮ ಮಾಡುವ ಗುರಿಯನ್ನಿಟ್ಟುಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರುವುದು ನೂರಕ್ಕೆ ೫೮ರಷ್ಟು ಕಡಿಮೆಯಾಗಿತ್ತು.

ನಮ್ಮ ಊರಿನಲ್ಲಿ ವಿಚಾರಿಸಿದಾಗ ಮೂರು ಕೂಟಗಳು ಕಂಡುಬಂದವು. ಒಂದರಲ್ಲಿ ಬೆಳಗಿನ ತಿಂಡಿಯ ಬದಲು ಪುಡಿ ಕದಡಿದ ಪಾನೀಯ ಕೊಡುತ್ತಿದ್ದರು. ಹೊಸಬರನ್ನು ಕರೆತಂದವರಿಗೆ ರಿಯಾಯಿತಿಯೂ ಇತ್ತು. ಎರಡನೆಯದು ೪೫ ದಿನದ್ದು. ಆಮೇಲೆ ಏನೆಂದು ಕೇಳಿದರೆ ಮತ್ತೆ ಹಣ ಕಟ್ಟಿ ಸೇರಬಹುದೆಂಬ ಉತ್ತರ ಬಂತು. ಮೂರನೆಯದಕ್ಕೆ ಹೆಸರೂ ಇಲ್ಲ, ಫಲಕವೂ ಇಲ್ಲ. ಎಂಟು ಮಂದಿ ಗೃಹಿಣಿಯರು ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ನಡೆಯುತ್ತಾರೆ. ಭಾನುವಾರ ನಿವೃತ್ತ ನರ್ಸ್ ಒಬ್ಬರ ಮನೆಯಲ್ಲಿ ತೂಕ ನೋಡಿ ಅವರವರ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆ ವಾರ ಏನು ತಿಂದೆವೆಂದು ನಗುನಗುತ್ತ ಹೇಳಿಕೊಳ್ಳುತ್ತಾರೆ. ಮೇಲಿನ ಐದು ಪ್ರಶ್ನೆಗಳಿಗೂ ತಕ್ಕ ಉತ್ತರ ದೊರೆತದ್ದು ಇಲ್ಲಿ ಮಾತ್ರ. ಮೂರು ತಿಂಗಳಿಗೊಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿಕೊಳ್ಳುವುದೆಂದು ನಿಶ್ಚಯಿಸಿ ತಾಯಿಯವರು ಅದನ್ನೇ ಸೇರಿದರು. ಒಂಬತ್ತು ತಿಂಗಳಲ್ಲಿ ಇಳಿದದ್ದು ಮೂರೂವರೆ ಕಿಲೋ. ದಸರೆ ದೀಪಾವಳಿಗಳ ನಡುವೆ ಒಂದು ಕಿಲೋ ಮರಳಿ ಏರಿದ್ದೂ ಉಂಟು. ಆದರೆ ಆ ಭಾನುವಾರವೂ ಅವರು ತಪ್ಪದೆ ಹೋದರು.

ತೂಕ ಹೆಚ್ಚು ಇಳಿಯದಿದ್ದರೆ ಶ್ರಮವೆಲ್ಲ ವ್ಯರ್ಥವೆ? ಇದಕ್ಕೆ ನಮ್ಮ ನೆರೆಯ ಚೆನ್ನೈಯಿಂದಲೇ ಉತ್ತರ ಬಂದಿದೆ. ೨೦೦೬ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ೫೩೧ ಜನರಿದ್ದರು. ಊಟ, ನಡಿಗೆಗಳನ್ನು ತಿದ್ದಿಕೊಂಡವರಲ್ಲಿ ಕಾಯಿಲೆ ಬರುವ ಸಂಭವ ನೂರಕ್ಕೆ ಸುಮಾರು ೨೮ರಷ್ಟು ಕುಗ್ಗಿತು. ಆಶ್ಚರ್ಯವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ತಕ್ಕಡಿ ಒಂದು ಸಾಕ್ಷಿ ಮಾತ್ರ, ನ್ಯಾಯಾಧೀಶನಲ್ಲ.

ಹಸಿವನ್ನು ತಗ್ಗಿಸುವ ಸೆಮಗ್ಲುಟೈಡ್‌ನಂತಹ ಚುಚ್ಚುಮದ್ದುಗಳು ಬಂದಿರುವಾಗ ಕೂಟಗಳೇಕೆ ಎಂದು ಕೆಲವರು ಕೇಳಬಹುದು. ಆ ಮದ್ದುಗಳ ಬಲ ನಿಜವಾದುದೇ. ವೆಯ್ಟ್ ವಾಚರ್ಸ್ ಕಂಪನಿಯೇ ೨೦೨೩ರಲ್ಲಿ ಅವನ್ನು ಬರೆದುಕೊಡುವ ಸಂಸ್ಥೆಯೊಂದನ್ನು ಕೊಂಡಿತು. ಆದರೂ ೨೦೨೫ರ ಮೇ ತಿಂಗಳಲ್ಲಿ ಸಾಲದ ಭಾರದಿಂದ ದಿವಾಳಿ ನ್ಯಾಯಾಲಯದ ಮೊರೆಹೊಕ್ಕಿತು. ಆದರೆ ೨೦೨೨ರ ಒಂದು ವರದಿಯಂತೆ, ಮದ್ದು ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೆಯ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತು. ಮದ್ದು ಬೇಕಾದವರು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಲಿ. ನಿತ್ಯದ ಊಟ ನಡಿಗೆಗಳಿಗೆ ಜೊತೆಗಾರರು ಅವರಿಗೂ ಬೇಕು.

ಕಂಪನಿಗಳು ಏಳುತ್ತವೆ, ಬೀಳುತ್ತವೆ. ಆರು ಮಂದಿ ಗೆಳತಿಯರ ನಡುಮನೆಗೆ ದಿವಾಳಿಯ ಭಯವಿಲ್ಲ. ಆದುದರಿಂದ ಕೂಟವನ್ನು ಅರಸುವವರು ಅದರ ಫಲಕವನ್ನಲ್ಲ, ಅಲ್ಲಿರುವ ಜನರನ್ನೂ ಅದು ಬಾಳುವ ಕಾಲವನ್ನೂ ನೋಡಿ ಸೇರಬೇಕು. ತಕ್ಕ ಕೂಟ ಸಿಗದಿದ್ದರೆ ನಾಲ್ವರು ಸೇರಿ ಒಂದನ್ನು ಕಟ್ಟಿಕೊಳ್ಳಬಹುದು. ನಮ್ಮ ಕಾಲೇಜಿಗೆ ವಿಶಾಲವಾದ ಮೈದಾನವಿದೆ. ವ್ಯಾಯಾಮ ವಿಭಾಗದಲ್ಲಿ ತೂಕದ ಯಂತ್ರವೂ ಇದೆ. ಅಧ್ಯಾಪಕರೂ ವಿದ್ಯಾರ್ಥಿಗಳೂ ಮನಸ್ಸು ಮಾಡಿದರೆ, ಊರಿನ ಹಿರಿಯರನ್ನೂ ಸೇರಿಸಿಕೊಂಡು, ಬರುವ ವರ್ಷದಿಂದಲೇ ಇಂತಹದೊಂದು ಕೂಟ ಇಲ್ಲಿಯೇ ಆರಂಭವಾಗಬಹುದು. ಅದಕ್ಕೆ ಹಣ ಬೇಕಾಗಿಲ್ಲ. ಬೆಳಿಗ್ಗೆ ಆರು ಗಂಟೆಗೆ ಏಳುವ ಸಂಕಲ್ಪವೊಂದಿದ್ದರೆ ಸಾಕು.