ಪ್ರೋಟೀನ್‌ಗೂ ಒಂದು ಸ್ವಿಚ್ ಇದೆ

ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್. ಪಿಯುಸಿ ಬಯಾಲಜಿಯಲ್ಲಿ ನಮಗೆ ನೆನಪಿರೋದು ಇಷ್ಟೇ. ಆದರೆ ಪ್ರೋಟೀನ್ ತಯಾರಾದ ಮೇಲೂ ಜೀವಕೋಶ ಅದನ್ನು ತಿದ್ದುತ್ತಲೇ ಇರುತ್ತದೆ. ಇದೇ ಪೋಸ್ಟ್ ಟ್ರಾನ್ಸ್‌ಲೇಷನಲ್ ಮಾಡಿಫಿಕೇಷನ್. ನಾವು ಇದನ್ನು ಅನುವಾದೋತ್ತರ ಮಾರ್ಪಾಡು ಅನ್ನೋಣ.

ಇದರಲ್ಲಿ ಎರಡು ಬಗೆ. ಮೊದಲನೆಯದು ಬೇಲೂರು, ಹಳೇಬೀಡಿನ ಕೆತ್ತನೆಯ ಹಾಗೆ. ಬಳಪದ ಕಲ್ಲಿನಿಂದ ಒಮ್ಮೆ ಎದ್ದ ಚಕ್ಕೆ ಮತ್ತೆ ಕೂರಲ್ಲ. ಪ್ರೊಇನ್ಸುಲಿನ್‌ನ ನಡುವಿನ ತುಂಡನ್ನು ಕತ್ತರಿಸಿದಾಗ ಇನ್ಸುಲಿನ್ ಸಿದ್ಧ. ಜೀವಕೋಶ ಆ ತುಂಡನ್ನು ಮತ್ತೆ ಜೋಡಿಸಲ್ಲ.

ಎರಡನೆಯದು ಸ್ವಿಚ್ ಹಾಗೆ. ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ಹೊರಡುತ್ತಿದೆ, ನಾವು ಬ್ಯಾಗ್ ಹಿಡಿದು ಓಡುತ್ತಿದ್ದೇವೆ ಅಂದುಕೊಳ್ಳೋಣ. ರಕ್ತದಲ್ಲಿ ಅಡ್ರಿನಲಿನ್ ಏರುತ್ತದೆ. ಸ್ನಾಯುವಿನ ಕೋಶದೊಳಗೆ ಸೈಕ್ಲಿಕ್ ಎಎಂಪಿ ಹೆಚ್ಚಿ, ಪಿಕೆಎ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಅದು ಫಾಸ್ಫೊರಿಲೇಸ್ ಕೈನೇಸ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಈ ಕೈನೇಸ್ ಗ್ಲೈಕೋಜೆನ್ ಫಾಸ್ಫೊರಿಲೇಸ್‌ನ 14ನೇ ಸ್ಥಾನದ ಸೀರೀನ್‌ಗೆ ಇನ್ನೊಂದು ಫಾಸ್ಫೇಟ್ ಅಂಟಿಸುತ್ತದೆ. ಆಗ ಗ್ಲೈಕೋಜೆನ್ ಒಡೆದು ಓಟಕ್ಕೆ ಇಂಧನ ಸಿಗುತ್ತದೆ. ಒಂದೊಂದು ಕಿಣ್ವವೂ ಹಲವು ಅಣುಗಳನ್ನು ಎಬ್ಬಿಸೋದರಿಂದ ಸಂಕೇತ ಹಂತ ಹಂತವಾಗಿ ದೊಡ್ಡದಾಗುತ್ತದೆ. ನಮ್ಮ ಲ್ಯಾಬ್‌ನ ಮಲ್ಟಿ ಸ್ಟೇಜ್ ಆಂಪ್ಲಿಫೈಯರ್ ನೆನಪಾಯ್ತಾ?

ಅಂಟಿಸೋದು ಕೈನೇಸ್, ಬಿಡಿಸೋದು ಫಾಸ್ಫಟೇಸ್. ಇವೆರಡೂ ಒಟ್ಟಿಗೆ ಪೂರ್ತಿ ಕೆಲಸ ಮಾಡಿದರೆ ಎಟಿಪಿ ಸುಮ್ಮನೆ ಖರ್ಚು. ಅದಕ್ಕೇ ಓಡುವಾಗ ಪಿಕೆಎ ಇನ್ನೊಂದು ಪ್ರೋಟೀನ್‌ನ ಮೂಲಕ ಪಿಪಿ1 ಎಂಬ ಫಾಸ್ಫಟೇಸ್ ಅನ್ನು ತಡೆದಿಡುತ್ತದೆ. ಆನ್ ಮಾಡುವ ಸಂಕೇತವೇ ಆಫ್ ಮಾಡುವವನ ಕೈ ಹಿಡಿದಿರುತ್ತದೆ! ಸೀಟಿನಲ್ಲಿ ಕೂತ ಮೇಲೆ ಅಡ್ರಿನಲಿನ್ ಇಳಿಯುತ್ತದೆ, ಸೈಕ್ಲಿಕ್ ಎಎಂಪಿ ಒಡೆದುಹೋಗುತ್ತದೆ, ಪಿಪಿ1 ಫಾಸ್ಫೇಟ್ ಕಿತ್ತುಹಾಕುತ್ತದೆ. 1950ರ ದಶಕದಲ್ಲಿ ಈ ಸ್ವಿಚ್ ಕಂಡುಹಿಡಿದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು.

ಆಫ್ ಆಗದಿದ್ದರೆ ಏನಾಗುತ್ತೆ? 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾದಾಗ ಬಿಸಿಆರ್-ಎಬಿಎಲ್ ಎಂಬ ಬೆಸೆದ ಕೈನೇಸ್ ಹುಟ್ಟುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಸದಾ ಆನ್. ಬಿಳಿ ರಕ್ತಕಣಗಳು ಎಗ್ಗಿಲ್ಲದೆ ಹೆಚ್ಚುತ್ತವೆ. ಅದೇ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಮಾಟಿನಿಬ್ ಮಾತ್ರೆ, ಆ ಕೈನೇಸ್‌ನಲ್ಲಿ ಎಟಿಪಿ ಕೂರುವ ಜಾಗದಲ್ಲೇ ಕೂತು ಅದನ್ನು ತಡೆಯುತ್ತದೆ. ಈ ಮಾತ್ರೆಯಿಂದ ಎಷ್ಟೋ ರೋಗಿಗಳು ವರ್ಷಗಟ್ಟಲೆ ಬದುಕಿದ್ದಾರೆ.

ಹಾಗಾಗಿ ಗೆಳೆಯರೇ, ಕಂಟ್ರೋಲ್ ಸಿಸ್ಟಮ್ಸ್ ಪರೀಕ್ಷೆಗಷ್ಟೇ ಅಲ್ಲ. ಆನ್ ಮಾಡೋದರಷ್ಟೇ, ಹೊತ್ತಿಗೆ ಸರಿಯಾಗಿ ಆಫ್ ಮಾಡೋದೂ ಜೀವ ಉಳಿಸುವ ಕೆಲಸ.