ಹಾಲಿನ ದುಡ್ಡು, ಬಡ್ಡಿಯ ದುಡ್ಡು

ಕುಟುಂಬ ಪಾಠ



ಮಗುವಿಗೆ ದೀಕ್ಷಾಸ್ನಾನ ಯಾವಾಗ ಎಂದು ಕೇಳಿದರೆ ನಮ್ಮಲ್ಲಿ ಹಲವು ಮನೆಗಳಿಂದ ಬರುವ ಉತ್ತರ ಒಂದೇ: ‘ಊಟಕ್ಕೆ ಇನ್ನೂ ದುಡ್ಡು ಕೂಡಿಲ್ಲ.’ ಧರ್ಮಸಭೆಯ ಕಾನೂನು ಸಂಹಿತೆಯ 867ನೇ ವಿಧಿ ಮಗು ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ದೀಕ್ಷಾಸ್ನಾನ ಆಗುವಂತೆ ನೋಡಿಕೊಳ್ಳುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ. ಶಾಮಿಯಾನ, ಬಿರಿಯಾನಿಯ ಮಾತು ಅಲ್ಲಿ ಎಲ್ಲೂ ಇಲ್ಲ. ಆದರೂ ನೂರು ಜನರ ಊಟಕ್ಕೆಂದು 20,000 ರೂಪಾಯಿ ಕೈಸಾಲ ತರುತ್ತೇವೆ. ಮೂರು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ 600 ರೂಪಾಯಿ ಬಡ್ಡಿಯೇ ಆಯಿತು. ದಿನಕ್ಕೆ ಅರ್ಧ ಲೀಟರ್ ಹಾಲಿನ ದುಡ್ಡು ಹೆಚ್ಚುಕಡಿಮೆ ಅಷ್ಟೇ. ಅಸಲು ತೀರುವ ತನಕ ಆ ಹಾಲು ನಮ್ಮ ಮನೆಗೆ ಬರುವುದಿಲ್ಲ, ಸಾಲ ಕೊಟ್ಟವರ ಮನೆಗೆ ಹೋಗುತ್ತದೆ.

ಬಂಧುಗಳನ್ನು ಕರೆಯಬಾರದು ಎಂದು ನಾವು ಹೇಳುತ್ತಿಲ್ಲ. ಭಾನುವಾರದ ಬಲಿಪೂಜೆಯ ನಂತರ ದೀಕ್ಷಾಸ್ನಾನ, ಆಮೇಲೆ ಜ್ಞಾನತಂದೆ ಜ್ಞಾನತಾಯಿಯರ ಜೊತೆ ಮನೆಯಲ್ಲೇ ಒಂದು ಪಾಯಸದ ಊಟ. ಮಗುವಿಗೆ ಅದರಿಂದ ಏನೂ ಕಡಿಮೆಯಾಗದು.

ಹೀಗೆ ಸೇರಿದ ಸಾಲವನ್ನು ಇಳಿಸುವುದು ಹೇಗೆ? ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಲೆಕ್ಕ ಹಾಕಬೇಕು ಎನ್ನುತ್ತಾರೆ ಯೇಸು. ಮಗು ಮಲಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಇಬ್ಬರೂ ಎಂದು ಒತ್ತಿ ಹೇಳುತ್ತೇವೆ. ಹೆಂಡತಿ ಸಂಘದಲ್ಲಿ ತೆಗೆದದ್ದು ಗಂಡನಿಗೆ ಗೊತ್ತಿಲ್ಲ, ಗಂಡ ಫೋನಿನ ಆ್ಯಪ್‌ನಲ್ಲಿ ತೆಗೆದದ್ದು ಹೆಂಡತಿಗೆ ಗೊತ್ತಿಲ್ಲ ಎಂಬಂತಿರುವ ಮನೆಯಲ್ಲಿ ಯಾವ ಲೆಕ್ಕವೂ ಕೂಡುವುದಿಲ್ಲ. ಪ್ರತಿ ಸಾಲದ ಮುಂದೆ ಉಳಿದಿರುವ ಅಸಲು ಬರೆಯಿರಿ, ಪಕ್ಕದಲ್ಲಿ ವರ್ಷದ ಬಡ್ಡಿ ಬರೆಯಿರಿ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದರೆ ವರ್ಷಕ್ಕೆ ಶೇ. 24, ಮೂರು ಎಂದರೆ ಶೇ. 36, ಐದು ಎಂದರೆ ಶೇ. 60. ‘ಮೂರೇ ರೂಪಾಯಿ’ ಎಂಬ ಮಾತು ಕಿವಿಗೆ ಹಗುರ, ಮನೆಗೆ ಭಾರ.

ತಂಡಲ್ ಸಾಲದ ಲೆಕ್ಕ ಇನ್ನೂ ಮೋಸದ್ದು. 10,000 ಎಂದು ಬರೆದುಕೊಂಡು ಕೈಗೆ 8,500 ಕೊಡುತ್ತಾರೆ, ವಾರಕ್ಕೆ 1,000ದಂತೆ ಹತ್ತು ವಾರ ಕಟ್ಟಬೇಕು. 1,500 ತಾನೇ ಹೋದದ್ದು ಎನಿಸುತ್ತದೆ. ಆದರೆ ಅಸಲು ವಾರ ವಾರವೂ ಅವರ ಕೈಗೆ ವಾಪಸ್ ಹೋಗುತ್ತಿರುವುದರಿಂದ, ಸರಾಸರಿ ನೋಡಿದರೆ ನಮ್ಮ ಬಳಿ ಇರುವುದು 8,500ರಲ್ಲಿ ಅರ್ಧದಷ್ಟು ಮಾತ್ರ. ವರ್ಷದ ಲೆಕ್ಕಕ್ಕೆ ತಿರುಗಿಸಿದರೆ ಬಡ್ಡಿ ಶೇ. 150 ದಾಟುತ್ತದೆ. ತಮಿಳುನಾಡಿನ 2003ರ ಕಾನೂನು ದಿನದ ಬಡ್ಡಿ, ಗಂಟೆ ಬಡ್ಡಿ, ಮೀಟರ್ ಬಡ್ಡಿ, ಕಂದು ವಟ್ಟಿ, ತಂಡಲ್ ಎಂದು ಒಂದೊಂದನ್ನೂ ಹೆಸರಿಸಿಯೇ ನಿಷೇಧಿಸಿದೆ. ಆದರೂ ಬೀದಿಯಲ್ಲಿ ಅದು ನಡೆಯುತ್ತಿದೆ ಎಂಬುದು ಎಲ್ಲರಿಗೂ ತಿಳಿದದ್ದೇ.

ಪಟ್ಟಿ ಆದ ಮೇಲೆ ಎಲ್ಲ ಸಾಲಕ್ಕೂ ಕಟ್ಟಲೇಬೇಕಾದ ಕಂತನ್ನು ಕಟ್ಟಿ, ಮಿಕ್ಕ ಪ್ರತಿ ರೂಪಾಯಿಯನ್ನೂ ಹೆಚ್ಚು ಬಡ್ಡಿಯ ಸಾಲಕ್ಕೇ ಹಾಕಿ. ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು. ನಾದಿನಿಯ ಗಂಡನ ಹತ್ತಿರ ಬಡ್ಡಿಯಿಲ್ಲದೆ ಪಡೆದದ್ದನ್ನು ಮರ್ಯಾದೆಗೆ ಅಂಜಿ ಮೊದಲು ತೀರಿಸುತ್ತೇವೆ, ಶೇ. 36ರದ್ದು ಹಾಗೇ ಬೆಳೆಯುತ್ತಿರುತ್ತದೆ. ಬಂಧುಗಳ ಬಳಿ ಹೋಗಿ ‘ಇಂಥ ತಿಂಗಳಿಂದ ಕೊಡುತ್ತೇವೆ ಭಾವ, ಅಲ್ಲಿಯತನಕ ತಾಳಿಕೊಳ್ಳಿ’ ಎಂದು ಬಾಯಿಬಿಟ್ಟು ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಮುಖ ತಪ್ಪಿಸಿ ಓಡಾಡಿದರೆ ಮಾತ್ರ ಸಂಬಂಧ ಕೆಡುತ್ತದೆ.

ಮನೆಯಲ್ಲಿ ಒಂದು ಸರವೋ ಓಲೆಯೋ ಇದ್ದರೆ ಅದನ್ನು ಬ್ಯಾಂಕಿನಲ್ಲಿ ಇಟ್ಟು ಕೈಸಾಲ ತೀರಿಸುವುದು ಲಾಭ. ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಒಂದು ರೂಪಾಯಿಯ ಆಸುಪಾಸು. ಮೇಲೆ ಹೇಳಿದ 600 ರೂಪಾಯಿ ಆಗ 200ಕ್ಕೆ ಇಳಿಯುತ್ತದೆ. ಆದರೆ ಹಳೆಯ ಸಾಲ ತೀರುವಷ್ಟೇ ತೆಗೆಯಿರಿ. ‘ಇನ್ನೂ ಹತ್ತು ಸಾವಿರ ಸಿಗುತ್ತದೆ’ ಎಂದು ಅಲ್ಲಿ ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ಖರ್ಚು ಕಡಿಮೆ ಮಾಡುವ ಮಾತು ಬಂದಾಗ ಕೈ ಮೊದಲು ಹೋಗುವುದು ಅಡುಗೆಮನೆಗೆ. ಮಗುವಿನ ತಟ್ಟೆ, ಹಾಲು ಕುಡಿಸುವ ತಾಯಿಯ ತಟ್ಟೆ, ಇವೆರಡನ್ನು ಮುಟ್ಟಬಾರದು. ಮಗುವಿನ ಹೆಸರಿನಲ್ಲಿ ನಡೆಯುವ ಖರ್ಚನ್ನು ಮುಟ್ಟಬಹುದು. ದಿನಕ್ಕೆ ಐದು ಡೈಪರ್, ಒಂದಕ್ಕೆ 10 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 1,500. ಹಗಲೆಲ್ಲ ಹಳೆಯ ಪಂಚೆಯ ಬಟ್ಟೆ, ರಾತ್ರಿ ಒಂದೇ ಡೈಪರ್ ಎಂದರೆ 300. ಲಸಿಕೆಗೆ ಖಾಸಗಿ ಆಸ್ಪತ್ರೆಯೇ ಬೇಕೆಂದಿಲ್ಲ. ಹುಟ್ಟಿದಾಗ, ಆಮೇಲೆ 6, 10, 14ನೇ ವಾರ, 9ನೇ ತಿಂಗಳು ಹಾಕಿಸುವ ಲಸಿಕೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ದುಬಾರಿಯೆಂದು ಹೆಸರಾದ ರೋಟಾ ಮತ್ತು ನ್ಯುಮೋನಿಯಾ ಲಸಿಕೆಗಳೂ ಈಗ ಅಲ್ಲಿ ಸಿಗುತ್ತವೆ.

ಆರು ತಿಂಗಳ ತನಕ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಹಾಲು ಸಾಲದ ತಾಯಿಯನ್ನು ಯಾರೂ ದೂರಬಾರದು. ಅಂಥ ಮನೆಯಲ್ಲಿ ಡಬ್ಬಿ ಬೇಗ ಮುಗಿಯದಿರಲಿ ಎಂದು ಪುಡಿಗೆ ನೀರು ಹೆಚ್ಚು ಬೆರೆಸುವುದುಂಟು. ಇದು ಉಳಿತಾಯವಲ್ಲ, ಹೊಟ್ಟೆ ತುಂಬಿದಂತೆ ಕಂಡರೂ ಮಗು ಸೊರಗುತ್ತದೆ. ಡಬ್ಬಿಯ ಮೇಲೆ ಬರೆದ ಅಳತೆಯನ್ನು ಮೀರಬೇಡಿ.

ಆರು ತಿಂಗಳಾದ ಮೇಲೆ ಬಣ್ಣದ ಪೆಟ್ಟಿಗೆಯ ಆಹಾರಕ್ಕೆ ನೂರಾರು ರೂಪಾಯಿ ಕೊಡುವ ಮುನ್ನ ನಮ್ಮ ಹೊಲದ ರಾಗಿಯನ್ನು ನೆನೆಯೋಣ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ಜರಡಿ ಹಿಡಿದರೆ ಸರಿ ಹಿಟ್ಟು ಸಿದ್ಧ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ವರ್ಷ ತುಂಬುವ ತನಕ ಉಪ್ಪು, ಸಕ್ಕರೆ ಹಾಕಬೇಡಿ. ಬೇಳೆ, ತರಕಾರಿ, ಮೊಟ್ಟೆಯನ್ನೂ ನಿಧಾನವಾಗಿ ಸೇರಿಸಿ. ಅಂಗನವಾಡಿಯಲ್ಲಿ ಹೆಸರು ಬರೆಸಿದ್ದರೆ ‘ಸತ್ತು ಮಾವು’ ಪೊಟ್ಟಣವೂ ಸಿಗುತ್ತದೆ. ಅದನ್ನು ದನಕ್ಕೆ ಕಲಸಿಡುವ ಮನೆಗಳಿವೆ, ನೋಡಿದರೆ ಬೇಸರವಾಗುತ್ತದೆ. ಕಾರ್ಖಾನೆಯಲ್ಲಿ ದುಡಿಯುವ, ಇಎಸ್‌ಐ ಇರುವ ತಾಯಂದಿರು ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ಭತ್ಯೆಯನ್ನು ಕೇಳಿ ಪಡೆಯಿರಿ.

ಕೊನೆಗೆ ಕಾಗದದ ಮಾತು. ಸಂಘದ ಸಾಲದ ಕಾಗದ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಮನೆಯಲ್ಲಿ ಕನ್ನಡ ಮಾತ್ರ ಓದುವವರು ತೋರಿಸಿದಲ್ಲಿ ಸಹಿ ಹಾಕಿ ಬರುತ್ತಾರೆ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ಕಿರುಸಾಲದ ನಿಯಮಗಳ ಪ್ರಕಾರ ಕರಾರು ಪತ್ರವೂ ಸಾಲದ ಕಾರ್ಡೂ ಸಾಲ ಪಡೆದವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಹೊಸ ಸಾಲ ಕೊಡುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಮನೆ ಬಾಗಿಲಿಗೆ ಬರುವಂತಿಲ್ಲ. ಬಂದು ಕೂಗಾಡಿದರೆ ಮೊದಲು ಆ ಸಂಸ್ಥೆಗೇ ಬರೆದು ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ 14448 ಸಂಖ್ಯೆಗೆ ಫೋನ್ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ತಮಿಳು ಕಾಗದ ಓದಲು ಕಷ್ಟವಾಗುವವರು ಭಾನುವಾರ ಪೂಜೆಯ ನಂತರ ಸಾಲದ ಕಾರ್ಡು ಹಿಡಿದುಕೊಂಡು ಬನ್ನಿ. ಓದಿ ಹೇಳಲು ನಮ್ಮಲ್ಲಿ ಇಬ್ಬರು ಮೂವರು ಇರುತ್ತೇವೆ. ನೋಟ್‌ಬುಕ್ಕನ್ನೂ ತನ್ನಿ.