ಆ್ಯಪ್ ಬಿಡುಗಡೆಗೆ ಮುನ್ನ ಬೀಟಾ: ಹೊರಗಿನವರಿಗೆ ಹಂಚುವುದು ಹೇಗೆ?

ನೀವು ಮಾಡಿದ ಆ್ಯಪ್ ನಿಮ್ಮ ಫೋನಿನಲ್ಲಿ ಸಲೀಸಾಗಿ ಓಡುತ್ತದೆ. ಯಾವ ಬಟನ್ ಯಾವಾಗ ಒತ್ತಬೇಕೆಂದು ನಿಮಗೆ ಗೊತ್ತಲ್ಲ! ಅದು ಗೊತ್ತಿಲ್ಲದವರ ಕೈಗೆ, ಹಳೆಯ ಫೋನಿಗೆ, ನೆಟ್‌ವರ್ಕ್ ಬಂದು ಹೋಗುವ ಊರಿಗೆ ಆ್ಯಪ್ ತಲುಪಿದಾಗಲೇ ದೋಷಗಳು ಹೊರಬೀಳುತ್ತವೆ.

ಎಪಿಕೆ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದೇ? ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಹೆಸರಿನಲ್ಲಿ ವಂಚಕರು ಎಪಿಕೆ ಕಳಿಸುತ್ತಿರುವ ಕಾಲ ಇದು. ಎಚ್ಚರವಿರುವವರು ನಿಮ್ಮ ಫೈಲನ್ನೂ ತೆರೆಯುವುದಿಲ್ಲ. ಜತೆಗೆ ಯಾರ ಬಳಿ ಯಾವ ಆವೃತ್ತಿ ಇದೆಯೆಂಬ ಲೆಕ್ಕವೂ ತಪ್ಪುತ್ತದೆ. ಆ್ಯಂಡ್ರಾಯ್ಡ್‌ಗೆ ಗೂಗಲ್ ಪ್ಲೇ ಕನ್ಸೋಲ್, ಐಫೋನ್‌ಗೆ ಆಪಲ್‌ನ ಟೆಸ್ಟ್‌ಫ್ಲೈಟ್ ಬಳಸುವುದೇ ಸರಿಯಾದ ದಾರಿ.

1. ಖಾತೆ ತೆರೆಯಿರಿ

ಪ್ಲೇ ಕನ್ಸೋಲ್ ನೋಂದಣಿಗೆ ಒಮ್ಮೆ 25 ಡಾಲರ್ ಕಟ್ಟಿದರೆ ಮುಗಿಯಿತು. ಆಪಲ್ ಡೆವಲಪರ್ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್.

2. ಆ್ಯಂಡ್ರಾಯ್ಡ್: ಕ್ಲೋಸ್ಡ್ ಟೆಸ್ಟಿಂಗ್

ಪ್ಲೇ ಕನ್ಸೋಲ್‌ನಲ್ಲಿ ಮೂರು ಬಗೆಯ ಪರೀಕ್ಷೆಗಳಿವೆ. ಇಂಟರ್ನಲ್ ಟೆಸ್ಟಿಂಗ್ 100 ಮಂದಿಯವರೆಗೆ. ನಿಮ್ಮ ತಂಡಕ್ಕೆ ಇದು ಸಾಕು. ಕ್ಲೋಸ್ಡ್ ಟೆಸ್ಟಿಂಗ್ ನೀವು ಆರಿಸಿದ ಹೊರಗಿನವರಿಗೆ. ಓಪನ್ ಟೆಸ್ಟಿಂಗ್‌ನಲ್ಲಿ ಯಾರು ಬೇಕಾದರೂ ಸೇರಬಹುದು.

ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ ಟೆಸ್ಟರ್‌ಗಳ ಜಿಮೇಲ್ ವಿಳಾಸಗಳ ಪಟ್ಟಿ ಮಾಡಿ. ಗೂಗಲ್ ಗ್ರೂಪ್ ಇದ್ದರೆ ಅದನ್ನೇ ಸೇರಿಸಬಹುದು. ಆ್ಯಪ್ ಬಂಡಲ್ ಅಪ್‌ಲೋಡ್ ಮಾಡಿ ಪರಿಶೀಲನೆಗೆ ಕಳಿಸಿ. ಒಪ್ಪಿಗೆ ಸಿಕ್ಕ ಮೇಲೆ ಬರುವ ಲಿಂಕನ್ನು ಟೆಸ್ಟರ್‌ಗಳಿಗೆ ರವಾನಿಸಿ. ಅವರು ಅದನ್ನು ತೆರೆದು, ಟೆಸ್ಟರ್ ಆಗಲು ಒಪ್ಪಿ, ಪ್ಲೇ ಸ್ಟೋರ್‌ನಿಂದಲೇ ಆ್ಯಪ್ ಇಳಿಸಿಕೊಳ್ಳುತ್ತಾರೆ.

‘ಲಿಂಕ್ ಓಪನ್ ಆಗ್ತಿಲ್ಲ’ ಎಂಬ ದೂರು ಬಂದೇ ಬರುತ್ತದೆ. ಒಂದೇ ಫೋನಿನಲ್ಲಿ ಆಫೀಸಿನದೊಂದು, ಮನೆಯದೊಂದು ಜಿಮೇಲ್ ಇರುತ್ತದೆ. ಪಟ್ಟಿಯಲ್ಲಿರುವುದು ಒಂದು, ಬ್ರೌಸರ್‌ನಲ್ಲಿ ಲಾಗಿನ್ ಆಗಿರುವುದು ಇನ್ನೊಂದು. ಮೊದಲು ಅದನ್ನು ನೋಡಲು ಹೇಳಿ.

3. ಹನ್ನೆರಡು ಮಂದಿ, ಹದಿನಾಲ್ಕು ದಿನ

2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಒಂದು ನಿಯಮವಿದೆ. ಕನಿಷ್ಠ 12 ಟೆಸ್ಟರ್‌ಗಳು ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ ಇದ್ದರೆ ಮಾತ್ರ ಸಾರ್ವಜನಿಕ ಬಿಡುಗಡೆಗೆ ಅರ್ಜಿ ಹಾಕಬಹುದು. ಮೊದಲು 20 ಇದ್ದ ಸಂಖ್ಯೆಯನ್ನು 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಲಾಯಿತು. ಸಂಸ್ಥೆಯ ಹೆಸರಿನ ಖಾತೆಗಳಿಗೆ ಈ ನಿಯಮವಿಲ್ಲ.

ನಡುವೆ ಒಬ್ಬಿಬ್ಬರು ಹೊರಹೋಗುವುದು ಸಹಜ. ಆದ್ದರಿಂದ ಹದಿನೈದು–ಇಪ್ಪತ್ತು ಮಂದಿಯನ್ನು ಸೇರಿಸಿಕೊಳ್ಳಿ. ಹಣಕ್ಕೆ ಟೆಸ್ಟರ್‌ಗಳನ್ನು ಒದಗಿಸುವವರೂ ಇದ್ದಾರೆ. ಆದರೆ ಟೆಸ್ಟರ್‌ಗಳು ಆ್ಯಪ್ ಬಳಸಿಲ್ಲವೆಂದು ಕಂಡರೆ ಗೂಗಲ್ ಅರ್ಜಿ ತಿರಸ್ಕರಿಸಬಹುದು. ಟೆಸ್ಟರ್‌ಗಳಿಂದ ಏನು ತಿಳಿಯಿತು, ಏನು ಬದಲಿಸಿದಿರಿ ಎಂಬ ಪ್ರಶ್ನೆಗಳೂ ಅರ್ಜಿಯಲ್ಲಿವೆ. ಮೊದಲ ದಿನದಿಂದಲೇ ಬರೆದಿಡುತ್ತಾ ಬನ್ನಿ.

4. ಐಫೋನ್: ಟೆಸ್ಟ್‌ಫ್ಲೈಟ್

ಎಕ್ಸ್‌ಕೋಡ್‌ನಿಂದ ಬಿಲ್ಡ್ ಅನ್ನು ಆ್ಯಪ್ ಸ್ಟೋರ್ ಕನೆಕ್ಟ್‌ಗೆ ಕಳಿಸಿ. ಟೆಸ್ಟ್‌ಫ್ಲೈಟ್ ವಿಭಾಗದಲ್ಲಿ ಹೊರಗಿನ ಟೆಸ್ಟರ್‌ಗಳ ಗುಂಪು ಮಾಡಿ, ಅದಕ್ಕೆ ಬಿಲ್ಡ್ ಸೇರಿಸಿ. ಒಂದು ಆ್ಯಪ್‌ಗೆ 10,000 ಮಂದಿಯವರೆಗೆ ಹೊರಗಿನವರನ್ನು ಕರೆಯಬಹುದು.

ಹೊರಗಿನವರಿಗೆ ಹೋಗುವ ಮೊದಲ ಬಿಲ್ಡ್ ಆಪಲ್‌ನ ಪರಿಶೀಲನೆ ದಾಟಬೇಕು. ಆ್ಯಪ್‌ಗೆ ಲಾಗಿನ್ ಬೇಕಿದ್ದರೆ ಪರಿಶೀಲಕರಿಗಾಗಿ ಡೆಮೊ ಖಾತೆಯ ಹೆಸರು, ಪಾಸ್‌ವರ್ಡ್ ಕೊಡಲು ಮರೆಯಬೇಡಿ. ಭಾರತದ ಮೊಬೈಲ್‌ಗೆ ಬರುವ ಒಟಿಪಿಯನ್ನೇ ನಂಬಿದ ಆ್ಯಪ್ ಆದರೆ, ಒಟಿಪಿ ಇಲ್ಲದೆ ಒಳಹೋಗುವ ಪರೀಕ್ಷಾ ಖಾತೆ ಸಿದ್ಧವಿರಲಿ.

ಆಹ್ವಾನಕ್ಕೆ ಎರಡು ದಾರಿ: ಇಮೇಲ್ ಅಥವಾ ಪಬ್ಲಿಕ್ ಲಿಂಕ್. ಪಬ್ಲಿಕ್ ಲಿಂಕ್‌ಗೆ ಟೆಸ್ಟರ್‌ಗಳ ಇಮೇಲ್ ಬೇಕಿಲ್ಲ. ಎಷ್ಟು ಮಂದಿ ಸೇರಬಹುದೆಂಬ ಮಿತಿಯನ್ನೂ ಹಾಕಬಹುದು. ಟೆಸ್ಟರ್ ಮೊದಲು ಆ್ಯಪ್ ಸ್ಟೋರ್‌ನಿಂದ ಟೆಸ್ಟ್‌ಫ್ಲೈಟ್ ಇಳಿಸಿಕೊಂಡಿರಬೇಕು. ಬಿಲ್ಡ್ ಅಪ್‌ಲೋಡ್ ಆದ 90 ದಿನಕ್ಕೆ ಅವಧಿ ಮುಗಿಯುತ್ತದೆ. ಪರೀಕ್ಷೆ ಮುಂದುವರಿಸಲು ಅಷ್ಟರೊಳಗೆ ಹೊಸದನ್ನು ಕಳಿಸಿ.

5. ಏನು ನೋಡಬೇಕೆಂದು ಹೇಳಿ

‘ನೋಡಿ ಹೇಗಿದೆ ಹೇಳಿ’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುವುದು. ಕೆಲಸ ಒಪ್ಪಿಸಿ. ಪುಟ್ಟ ಅಂಗಡಿಗಳ ಸಾಲದ ಲೆಕ್ಕದ ಆ್ಯಪ್ ಎಂದಿಟ್ಟುಕೊಳ್ಳಿ. ಟೆಸ್ಟರ್‌ಗಳಿಗೆ ಹೀಗೆ ಬರೆಯಬಹುದು:

‘ಹೊಸ ಗಿರಾಕಿಯ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ಸೇರಿಸಿ. 250 ರೂಪಾಯಿ ಸಾಲ ಬರೆಯಿರಿ. ಡೇಟಾ ಆಫ್ ಮಾಡಿ 100 ರೂಪಾಯಿ ಜಮಾ ಮಾಡಿ. ಮತ್ತೆ ಆನ್ ಮಾಡಿದಾಗ ಬಾಕಿ ಎಷ್ಟು ತೋರಿಸುತ್ತದೆ?’

150 ಬಂದರೆ ಸರಿ. ಬೇರೇನಾದರೂ ಬಂದರೆ ದೋಷ ಎಲ್ಲಿದೆಯೆಂದು ಆಗಲೇ ಸುಳಿವು ಸಿಕ್ಕಿತು. ಕನ್ನಡ ಆ್ಯಪ್ ಆದರೆ ಇನ್ನೆರಡು ಸೇರಿಸಿ: ‘ಲಕ್ಷ್ಮಿ’, ‘ಕೃಷ್ಣಪ್ಪ’ದಂಥ ಹೆಸರುಗಳಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ? ಫೋನಿನ ಅಕ್ಷರ ದೊಡ್ಡದು ಮಾಡಿದಾಗ ಬಟನ್ ಮೇಲಿನ ಪದ ತುಂಡಾಗುತ್ತದೆಯೇ?

6. ಉತ್ತರ ತರಿಸಿಕೊಳ್ಳಿ

ಟೆಸ್ಟ್‌ಫ್ಲೈಟ್‌ನಲ್ಲಿ ಟೆಸ್ಟರ್‌ಗಳು ಸ್ಕ್ರೀನ್‌ಶಾಟ್ ಸಮೇತ ಅಭಿಪ್ರಾಯ ಕಳಿಸಬಹುದು. ಪ್ಲೇ ಸ್ಟೋರ್‌ನಲ್ಲಿ ಬೀಟಾ ಬಳಕೆದಾರರ ಅಭಿಪ್ರಾಯ ಸಾರ್ವಜನಿಕರಿಗೆ ಕಾಣುವುದಿಲ್ಲ, ನಿಮಗಷ್ಟೇ ತಲುಪುತ್ತದೆ. ಹೀಗಾಗಿ ಟೀಕೆಯಿಂದ ರೇಟಿಂಗ್ ಕುಸಿಯುವ ಭಯ ಬೇಡ. ಫೋನಿನ ಮಾದರಿ, ಆವೃತ್ತಿ ಸಂಖ್ಯೆ, ಏನು ಒತ್ತಿದಾಗ ಏನಾಯಿತು ಎಂಬ ಮೂರನ್ನು ಕೇಳಿದರೆ ಸಾಕು.

ದೋಷ ಸರಿಪಡಿಸಿದ ಮೇಲೆ ಅದನ್ನು ಹೇಳಿದವರಿಗೆ ‘ನೀವು ತೋರಿಸಿದ್ದು ಈ ಆವೃತ್ತಿಯಲ್ಲಿ ಸರಿಯಾಗಿದೆ, ಇನ್ನೊಮ್ಮೆ ನೋಡಿ’ ಎಂದು ತಿಳಿಸಿ. ತಮ್ಮ ಮಾತಿಗೆ ಬೆಲೆಯಿದೆಯೆಂದು ಕಂಡವರು ಹದಿನಾಲ್ಕನೇ ದಿನದವರೆಗೂ ಉಳಿಯುತ್ತಾರೆ.